ಟೈಲರ್ ಗೋಡೆಯ ಶುಕ್ರ

"ತಲೆ ಸ್ವಲ್ಪ ಈ ಕಡೆ ತಿರುಗಿಸಿ," ಎಂದುಬಿಟ್ಟ ಬಸ್‌ಸ್ಟ್ಯಾಂಡ್ ಸಲೂನಿನವನು. ಬಾಯಿಯ ಅಭ್ಯಾಸ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಂಚದ ಮೇಲೆ ಮಲಗಿದ್ದವನು ತಿರುಗಲಿಲ್ಲ. ಎದುರಂಗಡಿಯ ಟೈಲರ್ ಮುಂದೆ ಬಂದು, ಗೆಳೆಯನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಗೋಡೆಯ ಕಡೆಗೆ ಹೊರಳಿಸಿದ. ಕೆನ್ನೆಯ ಮೇಲೆ ನೊರೆ, ನೊರೆಯ ಕೆಳಗೆ ಎರಡು ದಿನದ ಬಿಳಿ ಗಡ್ಡ. ಮೂವತ್ತು ವರ್ಷ ಬೇರೆಯವರ ಗಡ್ಡ ಕೆರೆದವನು ತನ್ನ ಗಡ್ಡವನ್ನು ಬೇರೆಯವರ ಕೈಗೆ ಕೊಟ್ಟಿದ್ದು ಇವತ್ತೇ ಮೊದಲು.

"ಯಾಕಯ್ಯ ಕತ್ತಿ ಹಿಡ್ಕೊಂಡು ನಿಂತ್ಬಿಟ್ಟೆ?" ಎಂದ ಟೈಲರ್.

"ಇವರ ಮುಂದೆ ನಾನು ಯಾವತ್ತೂ ಕತ್ತಿ ಹಿಡಿದಿಲ್ಲಣ್ಣ. ನೋಡ್ತಾ ಇದಾರೇನೋ ಅನ್ಸುತ್ತೆ."

"ನೋಡ್ತಾ ಇದ್ದಿದ್ರೆ ಇಷ್ಟೊತ್ತಿಗೆ ನಿನ್ನ ಜನ್ಮ ಜಾಲಾಡಿರ್ತಿದ್ದ. ಧೈರ್ಯವಾಗಿ ಮಾಡು. ಕಿವಿ ಹತ್ರ ಮಾತ್ರ ಹುಷಾರು."

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ಎಡಗಿವಿಯನ್ನು ಮುಟ್ಟಿಕೊಂಡರು. ಅದರ ತುದಿಯಲ್ಲಿ ಒಂದು ಚೂರು ಇಲ್ಲ. ಸತ್ತವನು ಈ ಮನೆಗೆ ಅಂಟಿಕೊಂಡೇ ಸಲೂನು ತೆರೆದ ಹೊಸತರಲ್ಲಿ, ಯಾರೋ ರಸ್ತೆಯಲ್ಲಿ ಕೂಗಿದರೆಂದು ತಿರುಗಿ ನೋಡಿ ಆಡಿಸಿದ ಕತ್ತರಿಯ ಕೆಲಸ ಅದು. ಅವತ್ತೇ ಪೋಸ್ಟ್‌ಮಾಸ್ಟರು ಅವನಿಗೆ "ಕಿವಿಕುಯ್ಕ" ಎಂದು ಹೆಸರಿಟ್ಟರು. ಆಮೇಲೆ ಅವನು ಎಷ್ಟು ಸಾವಿರ ತಲೆಗಳನ್ನು ಚೆಂದ ಮಾಡಿದನೋ ಲೆಕ್ಕವಿಲ್ಲ. ಕೆಲಸಕ್ಕೆಂದು ಸಂದರ್ಶನಕ್ಕೆ ಹೊರಟವರ ಹತ್ತಿರ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಬಿದ್ದವರಿಗೆ ಹೋಗಿ ಕ್ಷೌರ ಮಾಡಿ ಬರುತ್ತಿದ್ದ. ಏನು ಮಾಡಿದರೇನು! ಬೀದಿಯ ಬಾಯಿಗೆ ಬೀಗ ಉಂಟೇ? ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನು ಕಿವಿಕುಯ್ಕನೇ. ಹೆಂಡತಿ ತರಕಾರಿಗೆ ಹೋದರೆ "ಕಿವಿಕುಯ್ಕನ ಮನೆಯವರು", ಮಗಳು ಶಾಲೆಗೆ ಹೋದರೆ "ಕಿವಿಕುಯ್ಕನ ಮಗಳು".

ಆ ಹೆಸರು ಅಳಿಸಿಹೋದದ್ದು ಎಂಟು ವರ್ಷದ ಹಿಂದೆ, ಒಂದೇ ಮಧ್ಯಾಹ್ನದಲ್ಲಿ.

"ನಮ್ಮ ವಿಜ್ಞಾನಿ ಹೋಗ್ಬಿಟ್ಟನಲ್ಲಪ್ಪ," ಎಂದು ಪೋಸ್ಟ್‌ಮಾಸ್ಟರು ಮೂಗು ಒರೆಸಿಕೊಂಡರು.

* * *

ಆಗ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುತ್ತದೆ, ಈಗ ಬದುಕಿರುವ ಯಾರೂ ಹುಟ್ಟಿದ ಮೇಲೆ ಇಂಥದ್ದು ಆಗಿಲ್ಲ ಎಂದು ಪೇಪರಿನ ತುಂಬ ಬಂದಿತ್ತು. ಶಾಲೆಯಲ್ಲಿದ್ದದ್ದು ಒಂದೇ ದೂರದರ್ಶಕ. ಹೆಚ್ಚು ಅಂಕ ತೆಗೆದವರು ಮಾತ್ರ ನೋಡಬೇಕೆಂದು ಅಪ್ಪಣೆಯಾಯಿತು. ವಿಜ್ಞಾನದಲ್ಲಿ ಗೋತಾ ಹೊಡೆದಿದ್ದ ಮಗಳು ಮಧ್ಯಾಹ್ನ ಮುಖ ಊದಿಸಿಕೊಂಡು ಅಂಗಡಿಗೆ ಬಂದಳು.

"ಅದಕ್ಯಾಕೆ ಅಳ್ತೀಯ? ಸೂರ್ಯ ಏನು ನಿಮ್ಮ ಹೆಡ್‌ಮಾಸ್ಟರ ಅಪ್ಪನ ಮನೆ ಆಸ್ತೀನಾ?" ಎಂದ ಅಪ್ಪ. "ನಮ್ಮಂಗಡೀಲಿ ಕನ್ನಡಿಗೇನು ಬರ?"

ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯನ್ನು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದ. ಪೇಪರಿನಲ್ಲಿ ಓದಿದ್ದು ಅರ್ಧಂಬರ್ಧ ನೆನಪಿತ್ತು. ಗಿರಾಕಿಗಳಿಗೆ ಅವರ ಹಿಂದಲೆ ತೋರಿಸುವ ಕೈಗನ್ನಡಿಗೆ ರಟ್ಟು ಅಂಟಿಸಿ, ರಟ್ಟಿನ ನಡುವೆ ಒಂದು ತೂತು ಕೊರೆದ. ಕ್ಷೌರದ ಕುರ್ಚಿಯನ್ನು ಬಾಗಿಲಿಗೆ ಎಳೆದು, ತಲೆಯಾನಿಸುವ ದಿಂಬಿಗೆ ಕನ್ನಡಿ ಒರಗಿಸಿದ. ರಸ್ತೆಯ ಆಚೆ ಟೈಲರ್ ಅಂಗಡಿ, ರೈಲು ಬೋಗಿಯ ಹಾಗೆ ಉದ್ದಕ್ಕೆ, ಇಕ್ಕಟ್ಟಾಗಿ. "ಲೋ, ಷಟರ್ ಅರ್ಧ ಇಳಿಸೋ! ದೀಪ ಆರಿಸೋ!" ಎಂದು ಇಲ್ಲಿಂದಲೇ ಕೂಗಿದ.

ಟೈಲರ್ ಅಂಗಡಿಯ ಹಿಂದಿನ ಗೋಡೆಯ ಮೇಲೆ ಸೂರ್ಯ ಬಂದು ಬಿದ್ದ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕವನು. ಬೀದಿಗೆ ಬೀದಿಯೇ ಒಳಗೆ ನುಗ್ಗಿತು.

"ಎಲ್ಲಯ್ಯ ನಿನ್ನ ಶುಕ್ರ? ಕಿವಿ ಕುಯ್ಯೋಕೆ ಹೋದ್ನಾ?" ಎಂದು ಪೋಸ್ಟ್‌ಮಾಸ್ಟರು ಅಂದರು. ಎಲ್ಲರೂ ನಕ್ಕರು. ಮಗಳು ತಲೆ ತಗ್ಗಿಸಿದಳು.

ಅಪ್ಪ ಆಚೆ ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸಿದ. ಅಷ್ಟೇ. ಸೂರ್ಯನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿತು! ಗುಂಡಗೆ, ಅಚ್ಚ ಕಪ್ಪಗೆ. ಎಲ್ಲರ ಕಣ್ಣೆದುರೇ ಸೂರ್ಯನ ಒಳಗೆ ಬಂತು, ನಡುವೆ ಹಾಯಿತು, ಆಚೆಯ ಅಂಚಿನಲ್ಲಿ ಹೊರಗೆ ಹೋಯಿತು. ಎರಡು ನಿಮಿಷವೂ ಆಗಿರಲಾರದು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ತರಕಾರಿ ಅಕ್ಕ ತಕ್ಕಡಿಯನ್ನು ಹಿಡಿದುಕೊಂಡೇ ಕುಣಿದಳು.

"ಇವನನ್ನ ಕಿವಿಕುಯ್ಕ ಅಂದೋರ ಬಾಯಿಗೆ ಹುಳ ಬೀಳ!" ಎಂದರು ಪೋಸ್ಟ್‌ಮಾಸ್ಟರು, ಆ ಹೆಸರಿಟ್ಟವರು ತಾವೇ ಎಂಬುದನ್ನು ಮರೆತು. "ವಿಜ್ಞಾನಿ ಕಣ್ರೋ ಇವನು, ವಿಜ್ಞಾನಿ!"

ಜನ ಖಾಲಿಯಾದ ಮೇಲೆ ಟೈಲರ್ ಷಟರ್ ಎತ್ತಿ ಗೋಡೆ ನೋಡಿದ. ಹೊಲಿಗೆ ಮಿಷನ್ನಿನ ಎಣ್ಣೆ ಸಿಡಿದು ಆದ ಒಂದು ಕಲೆ. ಗುಂಡಗೆ, ಅಚ್ಚ ಕಪ್ಪಗೆ. ಸೂರ್ಯ ಗೋಡೆಯ ಮೇಲೆ ಜರುಗುತ್ತಾ ಆ ಕಲೆಯನ್ನು ದಾಟಿ ಹೋಗಿದ್ದ, ಅಷ್ಟೇ. ಬೀದಿಯೆಲ್ಲ ಚಪ್ಪಾಳೆ ತಟ್ಟಿದ್ದು ಮಿಷನ್ ಎಣ್ಣೆಗೆ.

ಹೊಟ್ಟೆ ಹಿಡಿದುಕೊಂಡು ನಗುತ್ತಾ, ಹೇಳಿಬಿಡೋಣವೆಂದು ಅವನು ರಸ್ತೆ ದಾಟಿದ. ಸಲೂನಿನ ಬಾಗಿಲಲ್ಲಿ ಕಾಲು ನಿಂತುಹೋಯಿತು. ಗೆಳೆಯ ಗಿರಾಕಿಯ ಹಾಗೆ ತನ್ನ ಕುರ್ಚಿಯಲ್ಲಿ ತಾನೇ ಕೂತಿದ್ದ. ಮಗಳು ಎದುರು ನಿಂತು, ಒಂದು ಕೈಯನ್ನು ಸೂರ್ಯ ಮಾಡಿ, ಇನ್ನೊಂದು ಕೈಯ ಬೆರಳನ್ನು ಅದರ ಮುಂದೆ ಹಾಯಿಸಿ ಏನೋ ವಿವರಿಸುತ್ತಿದ್ದಳು. ಅಪ್ಪ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅವನನ್ನು ಅಷ್ಟು ಸಂತೋಷದಲ್ಲಿ ಟೈಲರ್ ಅದುವರೆಗೂ ನೋಡಿರಲಿಲ್ಲ.

ಟೈಲರ್ ಹಿಂದಿರುಗಿ ಬಂದು, ಹೊಲಿಯಲು ಬಂದಿದ್ದ ಒಂದು ಕೋಟನ್ನು ಕಲೆಯ ಮೇಲೆ ತೂಗುಹಾಕಿದ. ನಾಳೆ ಹೇಳಿದರಾಯಿತು ಅಂದುಕೊಂಡ. ಮರುದಿನ ಸಲೂನಿನ ಮುಂದೆ ಸಾಲು ನಿಂತಿತ್ತು. "ನಿಂಗೆ ಶುಕ್ರದೆಸೆ ಶುರುವಾಯ್ತು ಬಿಡು," ಎಂದಷ್ಟೇ ಹೇಳಿ ಬಂದ.

* * *

ಕ್ಷೌರ ಮುಗಿಯಿತು. ಕಿವಿಗಳು ಕ್ಷೇಮವಾಗಿದ್ದವು. ಸಲೂನಿನವನು ಬೆವರು ಒರೆಸಿಕೊಂಡು ಹೊರಗೆ ಹೋದ. ಹೆಂಡತಿ ಗಂಡನ ನುಣ್ಣನೆಯ ಕೆನ್ನೆಯ ಮೇಲೆ ಕೈಯಿಟ್ಟು, "ದಿನಾ ಕಾಲರ್ ತುಂಬ ಊರೋರ ಕೂದ್ಲು ತರ್ತಿದ್ರು. ಬೈದು ಬೈದು ಒಗೀತಿದ್ದೆ. ಇನ್ಯಾರ ಕಾಲರ್ ಒಗೀಲಿ ನಾನು?" ಎಂದಳು. ಪಕ್ಕದಲ್ಲಿದ್ದ ಮಗಳು ತಾಯಿಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

ಗಾಡಿ ಬರುವುದು ಇನ್ನೂ ತಡವಂತೆ. ಮಣ್ಣಿಗೆಂದು ಬಂದವರು ಅಲ್ಲಲ್ಲಿ ಕೂತು ಅವನ ಮಾತೇ ಆಡುತ್ತಿದ್ದರು. ಪೋಸ್ಟ್‌ಮಾಸ್ಟರು ಮಡಚಿದ ಪೇಪರನ್ನು ಬಿಡಿಸಿದರು.

"ನೋಡ್ರಪ್ಪ, ಏನು ಯೋಗಾಯೋಗ ಅಂತೀರಿ! ಇವತ್ತು ಮತ್ತೆ ಶುಕ್ರ ಹಾಯ್ತಾನಂತೆ. ಈಗಲೇ, ನಾವು ಕೂತಿರೋವಾಗ್ಲೇ. ಇದು ತಪ್ಪಿದ್ರೆ ಇನ್ನು ನಮ್ಮ ಮೊಮ್ಮಕ್ಕಳಿಗೂ ಇಲ್ಲ."

"ಹೌದಾ!" ತರಕಾರಿ ಅಕ್ಕ ಕಣ್ಣೊರೆಸಿಕೊಂಡಳು. "ಆ ಕನ್ನಡಿ ಇಲ್ಲೇ ಇದ್ಯಲ್ಲ. ಮಗಳೇ ತೋರಿಸ್ಲಿ. ಅಪ್ಪನ್ನ ಹಾಗೆ ಕಳಿಸೋದಕ್ಕಿಂತ ಬೇರೆ ಮರ್ಯಾದೆ ಬೇಕಾ?"

"ಸತ್ತ ಮನೇಲಿ ಇದೇನು..." ಎಂದು ಯಾರೋ ರಾಗ ಎಳೆದರು.

ಹೆಂಡತಿ ತಲೆಯೆತ್ತಿದಳು. "ತೋರ್ಸು ಹೋಗೇ," ಎಂದಳು ಮಗಳಿಗೆ. "ಅದೊಂದು ದಿನದ ಮಾತು ಎಷ್ಟು ಸಲ ಹೇಳಿದ್ರೂ ಅವರಿಗೆ ಸಾಕಾಗ್ತಿರ್ಲಿಲ್ಲ."

ಟೈಲರ್‌ನ ಕಣ್ಣು ರಸ್ತೆಯಾಚೆಯ ತನ್ನ ಅಂಗಡಿಗೆ ಹೋಯಿತು. ಗೋಡೆಗೆ ಹೋದ ವರ್ಷ ಬಣ್ಣ ಹೊಡೆಸಿದ್ದ. ಕಲೆ ಎಲ್ಲಿದೆ ಈಗ? ಹುಡುಗಿ ಏನೂ ಕಡಿಮೆಯವಳಲ್ಲ, ವಿಜ್ಞಾನದ ಟೀಚರು. ಸರಿಯಾಗಿಯೇ ತೋರಿಸುತ್ತಾಳೆ. ಸರಿಯಾದದ್ದು ಕಂಡರೆ ಅವತ್ತಿನದು ಸುಳ್ಳೆಂದು ಎಲ್ಲರಿಗೂ ತಿಳಿಯುತ್ತದೆ. ಪೋಸ್ಟ್‌ಮಾಸ್ಟರು ಬಾಯಿ ಮುಚ್ಚಿಕೊಂಡಿರುವ ಪೈಕಿಯೇ? ಸ್ಮಶಾನ ಮುಟ್ಟುವ ಮೊದಲೇ ವಿಜ್ಞಾನಿ ಮತ್ತೆ ಕಿವಿಕುಯ್ಕನಾಗುತ್ತಾನೆ. ಇನ್ನು ಅದನ್ನು ಅಳಿಸಿಕೊಳ್ಳಲು ಅವನು ಎದ್ದು ಬರುತ್ತಾನೆಯೇ?

ಯಾರಿಗೂ ಹೇಳದೆ ಅವನು ರಸ್ತೆ ದಾಟಿದ.

ಸ್ಟೂಲಿನ ಮೇಲೆ ಹತ್ತಿ, ಎಣ್ಣೆ ಡಬ್ಬಿಯ ಮೂತಿಯನ್ನು ಗೋಡೆಗೆ ಹಿಡಿದು, ಎಲ್ಲಿತ್ತಪ್ಪಾ ಅದು, ಇಲ್ಲೋ ಅಲ್ಲೋ ಎಂದು ಲೆಕ್ಕ ಹಾಕುತ್ತಿರುವಾಗ ಹಿಂದಿನಿಂದ ದನಿ ಬಂತು.

"ಮಾಮ, ಇನ್ನೂ ಒಂದು ಗೇಣು ಎಡಕ್ಕೆ."

ಡಬ್ಬಿ ಕೈಯಿಂದ ಜಾರುವುದರಲ್ಲಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು.

"ಗೊತ್ತಿತ್ತಾ ನಿಂಗೆ?"

"ಆರು ಗಂಟೆ ಹಿಡಿಯೋದು ನಿಮ್ಮ ಗೋಡೆ ಮೇಲೆ ಎರಡೇ ನಿಮಿಷದಲ್ಲಿ ಮುಗೀತಲ್ಲ ಮಾಮ. ಕಾಲೇಜು ಸೇರಿದ ವರ್ಷಾನೇ ಅನುಮಾನ ಬಂದು, ನೀವಿಲ್ಲದಾಗ ಗೋಡೆಗೆ ನೇತುಹಾಕಿದ್ದ ಬಟ್ಟೆ ಸರಿಸಿ ನೋಡ್ದೆ. ಅಪ್ಪ ಕೊರೆದಿದ್ದ ತೂತು ತುಂಬಾ ದೊಡ್ಡದು. ಅದ್ರಲ್ಲಿ ಶುಕ್ರ ಕಾಣೋಕೆ ಸಾಧ್ಯಾನೇ ಇರ್ಲಿಲ್ಲ."

"ಅವನಿಗೆ ಹೇಳಿದ್ಯಾ?"

"ಹೇಗೆ ಹೇಳ್ಲಿ? ನಿಮ್ಮ ಎಣ್ಣೆ ಕಲೆ ನೋಡದೇ ಇದ್ದಿದ್ರೆ ನಾನು ಸೈನ್ಸ್ ತಗೋತಾನೇ ಇರ್ಲಿಲ್ಲ." ನಗಲು ಹೋದಳು, ಆಗಲಿಲ್ಲ. "ಇವತ್ತು ಅಪ್ಪನ್ನ ಆ ಕುರ್ಚೀಲಿ ಕೂರಿಸಿ, ನಿಜವಾದ್ದನ್ನ ಅವನೊಬ್ಬನಿಗೇ ತೋರಿಸ್ಬೇಕು ಅಂತಿದ್ದೆ. ಬಯ್ದ್ರೆ ಬಯ್ಲಿ, ನಗ್ಲಿ, ಇಬ್ರೂ ಸೇರ್ಕೊಂಡು ನಗೋಣ ಅಂತ. ತಿಂಗಳ ಹಿಂದೇನೇ ರಜಾ ಹಾಕಿದ್ದೆ ಮಾಮ. ಆ ರಜಾ ಇದಕ್ಕಾಯ್ತು."

ಟೈಲರ್ ಸ್ಟೂಲಿನಿಂದ ಇಳಿದ. ಅವಳ ತಲೆಯ ಮೇಲೆ ಕೈಯಿಟ್ಟ.

ಅವಳು ಎಣ್ಣೆ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಿಷನ್ನಿನ ಮೇಲಿಟ್ಟಳು. "ಇವತ್ತು ಕಲೆ ಬೇಡ. ಅವನಿಗೆ ಅಂತ ಇಟ್ಕೊಂಡಿದ್ದನ್ನೇ ತೋರಿಸ್ತೀನಿ. ಸುಳ್ಳು ತೋರ್ಸೋಕೆ ಕೈ ಏಳಲ್ಲ."

"ನೀನು ಹೇಳೋದು ಸರಿ ಮಗಳೇ, ನಾನಿಲ್ಲ ಅನ್ನಲ್ಲ. ಆದ್ರೆ ಆ ಹೆಸರು ಹೊತ್ಕೊಂಡು ಅವನು ಎಷ್ಟು ವರ್ಷ ತಲೆ ತಗ್ಗಿಸ್ಕೊಂಡು ಓಡಾಡಿದ್ದ ಅಂತ ನಾನು ನೋಡಿದೀನಿ. ಮತ್ತೆ ಕಿವಿಕುಯ್ಕನ್ನ ಮಾಡಿ ಕಳಿಸ್ಬೇಡ ಕಣವ್ವ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಷಟರನ್ನು ಅರ್ಧ ಇಳಿಸಿ ರಸ್ತೆ ದಾಟಿ ಹೋದಳು.

ಕುರ್ಚಿ ಬಾಗಿಲಿಗೆ ಬಂತು. ಕನ್ನಡಿಗೆ ಹೊಸ ರಟ್ಟು. ಈ ಸಲದ ತೂತು ಬಟಾಣಿ ಕಾಳಿನಷ್ಟೇ. ಬೀದಿಯವರು ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಟೈಲರ್ ಅಂಗಡಿಯ ಕತ್ತಲೆಯೊಳಗೆ ಬಂದು ನಿಂತರು. ತಾಯಿಯೊಬ್ಬಳು ಮಾತ್ರ ಗಂಡನ ಪಕ್ಕದಿಂದ ಏಳಲಿಲ್ಲ.

ಸೂರ್ಯ ಬಂದ. ಮಂಕಾಗಿದ್ದ. ಅವನ ಮೈಮೇಲೆ, ಒಂದು ಪಕ್ಕಕ್ಕೆ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬೂದು ಬಣ್ಣದ ಚುಕ್ಕೆ. ಎಲ್ಲರೂ ಅದು ಓಡಲೆಂದು ಕಾದರು. ಅದು ಓಡಲಿಲ್ಲ. ಸೂರ್ಯ ಜರುಗಿದ ಕಡೆಗೆ ಅದೂ ಜರುಗಿತು.

"ಇದೇನಾ?" ಎಂದಳು ತರಕಾರಿ ಅಕ್ಕ.

"ಅವತ್ತು ಎಷ್ಟು ಕಪ್ಪಗಿತ್ತು!"

"ಸರಸರ ಅಂತ ಓಡಿತ್ತಲ್ಲ. ಇದು ಕೂತಲ್ಲೇ ಕೂತಿದೆ."

ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೋಡೆಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ತಿರುಗಿದರು. "ಅಲ್ಲಮ್ಮ, ಓದಿದೋಳು ನೀನು, ಹೇಳು. ಅವತ್ತು ನೋಡಿದ್ದೇ ಬೇರೆ, ಇದೇ ಬೇರೆ. ಯಾವುದು ನಿಜ?"

ಅಂಗಡಿಯಲ್ಲಿದ್ದ ಎಲ್ಲರೂ ಅವಳ ಕಡೆ ನೋಡಿದರು. ಅವಳು ತರಗತಿಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, "ನೋಡಿ ಸರ್, ಶುಕ್ರ ಸೂರ್ಯನ್ನ ದಾಟೋಕೆ..." ಎಂದು ಶುರುಮಾಡಿದಳು. ಷಟರಿನ ಕೆಳಗಿಂದ ಆಚೆಯ ಸಲೂನು ಕಾಣುತ್ತಿತ್ತು, ಬಾಗಿಲಲ್ಲಿ ಯಾರೂ ಕೂತಿರದ ಕುರ್ಚಿ. ಅವಳು ಅದನ್ನು ನೋಡಿದಳು.

"ತಪ್ಪು ನಂದೇ ಸರ್," ಎಂದಳು. "ಅಪ್ಪ ತೋರಿಸಿದಷ್ಟು ಚೆನ್ನಾಗಿ ತೋರ್ಸೋಕೆ ನಂಗೆ ಬರಲ್ಲ."

ಅಂದವಳು ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟಳು. ಎರಡು ದಿನದಿಂದ ತಾಯಿಯನ್ನು ಹಿಡಿದುಕೊಂಡು ಕೂತಿದ್ದ ಹುಡುಗಿ ಅತ್ತದ್ದು ಆಗಲೇ ಮೊದಲು.

"ಅಳಬೇಡ, ಅಳಬೇಡ ಕೂಸೇ," ಪೋಸ್ಟ್‌ಮಾಸ್ಟರು ಅವಳ ಬೆನ್ನು ಸವರಿದರು. "ನೀನು ಪುಸ್ತಕದಲ್ಲಿ ಓದಿದೋಳು. ಅವನ ಕೈಗುಣಾನೇ ಬೇರೆ. ಎಲ್ಲರಿಗೂ ಬರೋದಲ್ಲ ಅದು."

"ಹೌದು ಮತ್ತೆ," ಎಂದರು ಎಲ್ಲರೂ. "ವಿಜ್ಞಾನಿ ಅಂದ್ರೆ ಸುಮ್ನೆನಾ?"

ಟೈಲರ್ ಕತ್ತಲೆಯಲ್ಲಿ ಗೋಡೆಯ ಕಡೆ ತಿರುಗಿಕೊಂಡು, ಹೊಲಿಯಲು ಬಂದಿದ್ದ ಯಾರದೋ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡ.

ಗಾಡಿಯ ಹಾರ್ನ್ ಕೇಳಿಸಿತು. ಜನ ಒಬ್ಬೊಬ್ಬರಾಗಿ ಷಟರಿನಡಿ ಬಗ್ಗಿ ಹೊರಗೆ ಹೋದರು. ನಾಲ್ಕು ಜನ ಹೆಗಲು ಕೊಟ್ಟು ಅವನನ್ನು ಎತ್ತಿ ತಂದರು. ಟೈಲರ್ ತಲೆಯ ಕಡೆ ಹಿಡಿದ. ಮಗಳು ಸಲೂನಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಜರುಗಿಹೋಗಿದ್ದ ಬೆಳಕನ್ನು ಮತ್ತೆ ಗೋಡೆಯ ನಡುವಿಗೆ ಬರುವಂತೆ ಕನ್ನಡಿಯನ್ನು ಸರಿಮಾಡಿದಳು. ಆಮೇಲೆ ತಾಯಿಯ ಕೈ ಹಿಡಿದುಕೊಂಡು ಗಾಡಿ ಹತ್ತಿದಳು.

ಗಾಡಿ ಹೊರಟು, ಸಲೂನಿಗೂ ಟೈಲರ್ ಅಂಗಡಿಗೂ ನಡುವೆ ನಿಧಾನವಾಗಿ ಹಾಯಿತು. ಒಳಗೆ ಗೋಡೆಯ ಮೇಲಿದ್ದ ಸೂರ್ಯ ಆರಿಹೋದ. ಗಾಡಿ ದಾಟಿದ ಮೇಲೆ ಮತ್ತೆ ಬಂದು ಬಿದ್ದ, ಚುಕ್ಕೆಯ ಸಮೇತ. ಅಂಗಡಿಯಲ್ಲಿ ನೋಡುವವರು ಯಾರೂ ಇರಲಿಲ್ಲ.