ಎತ್ತದ ಕೈ

“ಇನ್ನೊಂದು ಕೈ ತೋರ್ಸು,” ಎಂದ ಭೀಮವ್ವ ನೆರೆಮನೆಯ ಮೂಕಪ್ಪನ ಎಡಗೈಯನ್ನು ತನ್ನತ್ತ ಎಳೆದುಕೊಂಡು ಕಿರುಬೆರಳಿನ ಉಗುರು ಕತ್ತರಿಸಿದಳು. ಚೂರು ಹಾರಿ ಹೊಸ್ತಿಲ ಮೇಲೆ ಬಿತ್ತು. ಅದನ್ನು ಹೆಕ್ಕಿ ಪಕ್ಕದ ತಾಟಿಗೆ ಹಾಕಿ, “ಹೂಂ, ಮುಂದಿನವ್ರು ಬರ್ರಿ,” ಎಂದಳು.

ಅವಳ ಬೆನ್ನ ಹಿಂದೆ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡ ಹನುಮಂತ್ರಾಯ ಕರಿ ಕಂಬಳಿ ಹೊದ್ದು, ಹಣೆತುಂಬ ಭಂಡಾರ ಹಚ್ಚಿಸಿಕೊಂಡು, ಕೆಲಸ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ ಕೂತಿದ್ದ. ಪ್ರಾಣ ಹೋಗಿ ಆರು ತಾಸಾಗಿತ್ತು. ಹೊರಗೆ ಎಂಬತ್ತಾರನೇ ಇಸವಿಯ ಬೇಸಿಗೆ. ಮಾನ್ವಿಯ ಬಿಸಿಲು ಹತ್ತು ಗಂಟೆಗೇ ಅಂಗಳಕ್ಕೆ ಕಾಲಿಡಗೊಡುತ್ತಿರಲಿಲ್ಲ.

ಹೆಣ ಎತ್ತುವವರ ಉಗುರು ತೆಗೆಯುವುದು ಮಾನ್ವಿಯಲ್ಲಿ ಯಾರ ಮನೆಯ ಪದ್ಧತಿಯೂ ಅಲ್ಲ. ಅದು ಸತ್ತವನದೇ ಪದ್ಧತಿ. ಹನುಮಂತ್ರಾಯ ಹೊಟ್ಟೆಪಾಡಿಗೆ ಕುರಿ ಉಣ್ಣೆ ಕತ್ತರಿಸಿ ಕಂಬಳಿ ನೇಯುತ್ತಿದ್ದ. ಮರ್ಯಾದೆಗೆ ಕುಸ್ತಿಯ ಪಂಚನಾಗಿದ್ದ. ಕಣಕ್ಕೆ ಇಳಿಯುವ ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ ಅವನೇ ಉಗುರು ಕತ್ತರಿಸುತ್ತಿದ್ದ. ಉಂಗುರ, ತಾಯತ, ಕಡಗ ಎಲ್ಲ ಬಿಚ್ಚಿಸುತ್ತಿದ್ದ. ಮೈಗೆ ಎಣ್ಣೆ ಸವರಿಕೊಂಡವನನ್ನು ಮಣ್ಣು ಹಚ್ಚಿಕೊಂಡು ಬಾ ಎಂದು ಅಟ್ಟುತ್ತಿದ್ದ. ಗಂಟಲಿಗೆ ಕೈ ಹಾಕಿದರೆ, ಬೆರಳು ತಿರುವಿದರೆ, ರಕ್ತ ಕಂಡರೆ ಕುಸ್ತಿ ನಿಂತಂತೆಯೇ. “ಹನುಮಂತ್ರಾಯ ಪಂಚನಾದ್ರ ಕುಸ್ತಿ ಒಂದು ತಾಸು, ಕೈ ನೋಡೋದು ಎರಡು ತಾಸು,” ಎಂದು ಜನ ನಗುತ್ತಿದ್ದರು. ಕಡೆಕಡೆಗೆ ಕರೆಯುವುದನ್ನೇ ಬಿಟ್ಟರು.

“ನನ್ನ ಎತ್ತೋರ ಕೈಯಾಗ ಉಗುರು ಇರಬಾರ್ದು, ಉಂಗುರ ಇರಬಾರ್ದು ಅಂತ ನಗಚಾಟಿಗಿ ಅಂತಿದ್ರು,” ಎಂದಳು ಭೀಮವ್ವ, ಯಾರೂ ಕೇಳದಿದ್ದರೂ. “ಅಂದದ್ದು ಅಂದಾರ. ನಡಸಬೇಕಲ್ಲ.”

ಊರ ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದ ದಸ್ತಗೀರ್ ಸಾಬ್ ಅವಳ ಮುಂದೆ ಕೂತು ಎರಡೂ ಕೈ ಚಾಚಿದ. ಸತ್ತವನೊಡನೆ ನಲವತ್ತು ವರ್ಷ ಒಂದೇ ಮಣ್ಣಿನಲ್ಲಿ ಹೊರಳಾಡಿದವನು. “ಸಾಬಣ್ಣ ಬಂದಾನ,” ಎಂದ ಮೆಲ್ಲಗೆ. “ಬೇವಿನ ಗಿಡದ ಕೆಳಗ ನಿಂತಾನ. ಒಳಗ ಬರವಲ್ಲ.”

ಭೀಮವ್ವ ತಲೆ ಎತ್ತಿ ನೋಡಿದಳು. ಕುರ್ಡಿ ಊರಿನ ಸಾಬಣ್ಣ ಗಿಡಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಎಡಗಣ್ಣಿನ ರೆಪ್ಪೆ ಹೊಲಿದಂತೆ ಮುಚ್ಚಿತ್ತು. ಬಲಗಣ್ಣು ಮಾತ್ರ ಪಡಸಾಲೆಯ ಕಡೆಗಿತ್ತು.

“ನಿಂದ್ರಲಿ,” ಎಂದಳು. “ಬರೋದಿದ್ರ ಬರ್ತಾನ.”

ಆಗಲೇ ದೇವದುರ್ಗದ ಬಸ್ಸಿನಲ್ಲಿ ಬಂದಿಳಿದ ಕನಕರಾಯ ಬೆವರು ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದ. ಒಂದು ಕಾಲಕ್ಕೆ ಹೆಸರಾಂತ ಪೈಲ್ವಾನ. ಈಗ ಸೈಕಲ್ ಅಂಗಡಿ ಇಟ್ಟುಕೊಂಡು, ಹೊಟ್ಟೆ ಬಂದು, ಎರಡು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ. ಹೆಣಕ್ಕೆ ಕೈಮುಗಿದು, ಭೀಮವ್ವನ ಮುಂದೆ ಕೂತು ಕೈ ಚಾಚಿದ. ಬಲ ಮುಂಗೈಯಲ್ಲಿ ಬೆಳ್ಳಿ ಕಡಗ, ಮಾಂಸದೊಳಗೆ ಹೂತುಕೊಂಡಂತೆ ಇತ್ತು.

ಅಂಗಳದಲ್ಲಿದ್ದವರೆಲ್ಲ ಅತ್ತ ತಿರುಗಿದರು. ಅದು ಯಾವ ಕಡಗ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

“ಬಿಚ್ಚು,” ಎಂದಳು ಭೀಮವ್ವ.

“ಬರವಲ್ದು ಯವ್ವಾ. ಕೈ ದಪ್ಪ ಆಗ್ಯಾದ.”

“ಹಂಗಾದ್ರ ದೂರ ನಿಂದ್ರು. ಒಮ್ಮೆ ಬಿಟ್ಟು ಕೆಟ್ಟೀವಿ.”

*

ಆ ಒಮ್ಮೆ ಎಂದರೆ ಎಪ್ಪತ್ತನಾಲ್ಕನೇ ಇಸವಿ, ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಬಯಲು. ಅಕ್ಕಿ ಗಿರಣಿಯ ಹಂಪಣ್ಣ ಕುಸ್ತಿ ಇಡಿಸಿದ್ದ. ಕೊನೆಯ ಜೋಡಿ ದೇವದುರ್ಗದ ಕನಕರಾಯ, ಕುರ್ಡಿಯ ಸಾಬಣ್ಣ. ಹಿಂದಿನ ವರ್ಷ ಗೆದ್ದಾಗ ಹಂಪಣ್ಣನೇ ತೊಡಿಸಿದ್ದ ಬೆಳ್ಳಿ ಕಡಗ ಕನಕರಾಯನ ಕೈಯಲ್ಲಿತ್ತು.

“ಬಿಚ್ಚಪ್ಪಾ,” ಎಂದ ಪಂಚ ಹನುಮಂತ್ರಾಯ.

“ಗೆದ್ದ ಕಡಗ ಸೋತ ದಿನಾನ ಬಿಚ್ಚೋದ್ರಿ. ನಮ್ಮ ತಾಲೀಮಿನ್ಯಾಗ ಹಂಗ ಅದ. ಕಣಕ್ಕ ಇಳಿಯೋಕಿಂತ ಮೊದ್ಲ ಬಿಚ್ಚಿದ್ರ ಸೋತಂಗನ ಆತಲ್ರೀ.”

ಪಂಚ ಒಪ್ಪಲಿಲ್ಲ. ಕನಕರಾಯ ಬಗ್ಗಲಿಲ್ಲ. ಜನ ಸಿಳ್ಳೆ ಹಾಕತೊಡಗಿದರು. ಹಂಪಣ್ಣ ಖುರ್ಚಿಯಿಂದ ಎದ್ದು ಬಂದು, “ಪಂಚರ, ಎರಡು ಸಾವಿರ ಮಂದಿ ಬಿಸಲಾಗ ಕುಂತದ. ಮ್ಯಾಲ ಒಂದು ಅರಿಬಿ ಸುತ್ತಿ ಬಿಡ್ರಿ, ಮುಗೀತು,” ಎಂದ. ಗಿರಣಿ ಯಜಮಾನನ ಮಾತು. ಹನುಮಂತ್ರಾಯ ತನ್ನ ರುಮಾಲಿನ ಅಂಚು ಹರಿದು, ನೀರಲ್ಲಿ ಅದ್ದಿ, ಕಡಗದ ಮೇಲೆ ಬಿಗಿಯಾಗಿ ಸುತ್ತಿದ. ಆಮೇಲೆ ಸಾಬಣ್ಣನ ಕಡೆ ತಿರುಗಿ, “ನಡೀತದೇನು?” ಎಂದು ಕೇಳಿದ.

“ನೀವು ನಡೀತದ ಅಂದ್ರ ನಡೀತದರೀ,” ಎಂದ ಸಾಬಣ್ಣ. ಇಪ್ಪತ್ನಾಲ್ಕು ವಯಸ್ಸು. ಪಂಚರ ಮೇಲೆ ದೇವರ ಮೇಲಿಟ್ಟಷ್ಟು ನಂಬಿಕೆ.

ಕಾಲು ತಾಸು ಇಬ್ಬರೂ ಸಮಸಮ. ಆಮೇಲೆ ಸಾಬಣ್ಣ ಕಾಲಿಗೆ ಕೈ ಹಾಕಿ ಎತ್ತಿ ಕೆಡವಿ ಮೇಲೆ ಬಿದ್ದ. ಕನಕರಾಯನ ಬೆನ್ನು ಮಣ್ಣಿಗೆ ಹತ್ತಲು ನಾಲ್ಕು ಬೆರಳು ಉಳಿದಿತ್ತು. ಹತ್ತಿದ್ದರೆ ಚಿತ್, ಕುಸ್ತಿ ಮುಗಿದಂತೆ. ಅಷ್ಟರಲ್ಲಿ ಕನಕರಾಯ ಬಲಗೈ ಬಿಡಿಸಿಕೊಂಡು ಮುಂಗೈಯಿಂದ ಬೀಸಿ ಹೊಡೆದ. ಕುಸ್ತಿಯಲ್ಲಿ ಹಿಡಿಯಬಹುದು, ಎತ್ತಬಹುದು, ಒಗೆಯಬಹುದು. ಹೊಡೆಯುವಂತಿಲ್ಲ. ಅರಿವೆ ಜಾರಿತ್ತು. ಕಡಗ ನೇರ ಎಡಗಣ್ಣಿಗೆ ಬಡಿಯಿತು. ಸಾಬಣ್ಣ ಮುಖ ಹಿಡಿದುಕೊಂಡು ಅಂಗಾತ ಬಿದ್ದ. ಹಿಂದೆ ಕೂತಿದ್ದ ಜನಕ್ಕೆ ಕಂಡದ್ದು ಅವನ ಬೆನ್ನು ಮಣ್ಣಿಗೆ ಹತ್ತಿದ್ದು ಮಾತ್ರ.

ಹನುಮಂತ್ರಾಯ ಒಂದು ಮಾರು ದೂರದಲ್ಲಿ ಬಗ್ಗಿ ನಿಂತಿದ್ದ. ಅವನಿಗೆ ಎಲ್ಲವೂ ಕಂಡಿತ್ತು. ಕಡಗ ಬಡಿಯಿತು ಎಂದರೆ, ಕಡಗ ಒಳಗೆ ಬಿಟ್ಟವರು ಯಾರು ಎಂಬ ಮಾತು ಬರುತ್ತದೆ. ಅವನಿಗೆ ಹೆದರಿಕೆಯಾಯಿತು. ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಮೊದಲು ಬಗ್ಗಿ ಮಣ್ಣಿನಲ್ಲಿದ್ದ ಅರಿವೆಯ ತುಂಡನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಯಾರೋ ಇಬ್ಬರು ಸಾಬಣ್ಣನನ್ನು ಎಬ್ಬಿಸಿ ನಿಲ್ಲಿಸಿದರು. ರೂಢಿಯಂತೆ ಪಂಚ ನಡುವೆ ನಿಂತು ಇಬ್ಬರ ಮುಂಗೈ ಹಿಡಿದ. “ತಲಿಗಿ ತಲಿ ಬಡದದ,” ಎಂದು ಕೂಗಿ ಹೇಳಿದ. ಕನಕರಾಯನ ಕೈಯನ್ನು ಮೇಲೆತ್ತಿದ. ಸಾಬಣ್ಣನ ಕೈಯನ್ನು ಕೆಳಗೊತ್ತಿದ. ಆ ಕೈ ರಕ್ತದಲ್ಲಿ ಜಾರುತ್ತಿತ್ತು.

ರಾಯಚೂರಿನ ದವಾಖಾನೆಯಲ್ಲಿ ಹತ್ತೊಂಬತ್ತು ದಿನ ಇದ್ದರೂ ಕಣ್ಣು ಬರಲಿಲ್ಲ. ಕುರ್ಡಿಯಲ್ಲಿ ಅವನಿಗೆ ‘ಚಿತ್ ಸಾಬಣ್ಣ’ ಎಂದೇ ಹೆಸರು ಬಿತ್ತು. ಕಣ್ಣು ಹೋದದ್ದು ಅವನಿಗೆ ಒಗ್ಗಿತು. ಹೆಸರು ಒಗ್ಗಲಿಲ್ಲ.

*

ಸಾಬಣ್ಣ ಬೇವಿನ ಗಿಡ ಬಿಟ್ಟು ಬಂದು ಹೊಸ್ತಿಲ ಹತ್ತಿರ ನಿಂತ.

“ವರ್ಷಕ್ಕೊಮ್ಮೆ ಉಣ್ಣಿ ಕತ್ತರಿಸೋದು ಮುಗದ ಮ್ಯಾಲ ಒಂದು ಕಂಬಳಿ ತರ್ತಿದ್ರು,” ಎಂದ. ಹೆಣದ ಕಡೆ ನೋಡಿಕೊಂಡೇ ಮಾತಾಡಿದ. “ಹೊಲದಾಗ ನನ್ನ ಸರೀ ಕುಂತು, ಮಳಿ ಮಾತು, ಕುರಿ ಮಾತು, ನಿಮ್ಮ ಮಗಳು ಹಡದ ಮಾತು, ಎಲ್ಲಾ ಆಡತಿದ್ರು. ಹನ್ನೆರಡು ಕಂಬಳಿ ಅದಾವು ಯವ್ವಾ ಮನ್ಯಾಗ. ನನಗ ಕಂಬಳಿ ಬೇಕಾಗಿದ್ದಿಲ್ಲ. ಸಾಬಣ್ಣ ಸೋತಿಲ್ಲ ಅಂತ ನಾಕು ಮಂದ್ಯಾಗ ಒಂದು ಮಾತು ಅಂದಿದ್ರ ಸಾಕಿತ್ತು. ಇವತ್ತು ಅದೂ ಹೋತು.”

ಭೀಮವ್ವ ಕತ್ತರಿಯನ್ನು ಸೆರಗಿಗೆ ಒರೆಸಿದಳು.

ಕನಕರಾಯ ತಗ್ಗಿಸಿದ ತಲೆ ಎತ್ತಲಿಲ್ಲ. “ಸಬಕಾರ ಕೊಡ್ರಿ,” ಎಂದ.

ಮೂಕಪ್ಪ ಹೆಣಕ್ಕೆ ನೀರು ಹಾಕಿ ಉಳಿದಿದ್ದ ಸಾಬೂನಿನ ತುಂಡು ತಂದುಕೊಟ್ಟ. ಕನಕರಾಯ ಮುಂಗೈಗೆ ನೊರೆ ಹಚ್ಚಿ ಕಡಗವನ್ನು ಎಳೆದ. ತಿರುವಿದ. ಗೆಣ್ಣಿನ ಹತ್ತಿರ ಚರ್ಮ ಕಿತ್ತು ರಕ್ತ ಬಂತು. ದಸ್ತಗೀರ್ ಸಾಬ್ ಅವನ ಮೊಣಕೈ ಹಿಡಿದುಕೊಂಡ, ಮೂಕಪ್ಪ ಕಡಗ ಹಿಡಿದು ಎಳೆದ. ಕೊನೆಗೆ ಕಡಗ ಒಮ್ಮೆಲೆ ಕಿತ್ತು ಬಂದು ಉಗುರಿನ ಚೂರುಗಳಿದ್ದ ತಾಟಿಗೆ ಬಿತ್ತು. ಅದಿದ್ದ ಜಾಗದಲ್ಲಿ ಬಿಸಿಲೇ ಕಾಣದ ಬಿಳಿ ಪಟ್ಟಿಯೊಂದು ಉಳಿಯಿತು. ತಾಟಿನಲ್ಲಿದ್ದದ್ದನ್ನು ಯಾರೂ ಮುಟ್ಟಲಿಲ್ಲ.

“ನಾ ಹೋದ ತಿಂಗಳು ಬಂದಿದ್ದೆ,” ಎಂದ ಕನಕರಾಯ, ಕೈ ತೊಳೆದುಕೊಳ್ಳುತ್ತ. “ಪಂಚರು ನನ್ನ ಕರಿಸಿದ್ರು.”

“ನಾನ ಹೇಳಿ ಕಳಿಸಿದ್ದೆ,” ಎಂದಳು ಭೀಮವ್ವ. “ಲಕ್ವಾ ಹೊಡದು ಬಾಯಿ ಬಿದ್ದಿತ್ತು, ಬಲಗಡಿ ಪೂರಾ ಹೋಗಿತ್ತು. ಎಡಗೈಲೆ ತಮ್ಮ ಮುಂಗೈ ತೋರಿಸಿ, ಬಳಿ ತೊಟ್ಟಂಗ ಸುತ್ತಿ ತೋರಿಸಿದ್ರು. ಕಡಗದವ ಅಂತ ತಿಳೀತು. ಅದರ ಹಿಂದಿನ ವಾರ ಎಡಗಣ್ಣು ಮುಚ್ಚಿ ತೋರಿಸಿದ್ರು, ಸಾಬಣ್ಣನ ಕರಿಸಿದೆ. ಇಬ್ರೂ ಬಂದು ಹೋದ್ರಿ. ಏನು ಬೇಕಾಗಿತ್ತೋ, ನನಗ ತಿಳೀಲಿಲ್ಲ.”

*

ಆ ದಿನ ಸಾಬಣ್ಣ ಹೋದಾಗ ಹನುಮಂತ್ರಾಯ ಹೊರಸಿನ ಮೇಲೆ ಮಲಗಿದ್ದ. ಕುರಿಯನ್ನು ತೊಡೆಯ ನಡುವೆ ಒತ್ತಿ ಹಿಡಿದು ಉಣ್ಣೆ ತೆಗೆಯುತ್ತಿದ್ದ ಮೈ ಅದೇ ಎಂದರೆ ನಂಬುವ ಹಾಗಿರಲಿಲ್ಲ. ಸಾಬಣ್ಣನನ್ನು ಕಂಡದ್ದೇ ಬಾಯಿ ಒಂದು ಕಡೆಗೆ ಎಳೆಯಿತು. ಏನೋ ಸದ್ದು ಹೊರಟಿತು. ಎಡಗೈಯಿಂದ ಸಾಬಣ್ಣನ ಬಲ ಮುಂಗೈ ಹಿಡಿದು, ನಡುಗುತ್ತ, ಮೇಲಕ್ಕೆ ಎತ್ತತೊಡಗಿದ.

ಎದ್ದು ಕೂರಬೇಕೇನೋ ಎಂದುಕೊಂಡ ಸಾಬಣ್ಣ ಅವನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ, ದಿಂಬು ಇಟ್ಟು ಕೂರಿಸಿದ. ಹನುಮಂತ್ರಾಯ ತಲೆ ಅಲ್ಲಾಡಿಸಿದ. ಮತ್ತೆ ಮುಂಗೈ ಹಿಡಿದ, ಮತ್ತೆ ಎತ್ತಿದ. ನೀರಿರಬಹುದು ಎಂದು ಸಾಬಣ್ಣ ಚರಿಗೆ ತಂದು ಕುಡಿಸಿದ. ನೀರು ಗದ್ದದ ಮೇಲೆ ಹರಿಯಿತು. ಮೂರನೇ ಸಲ ಕೈ ಎದೆಯ ಮಟ್ಟಕ್ಕೆ ಬಂದು ಬಿದ್ದುಹೋಯಿತು. ಆಮೇಲೆ ಅವನು ಗೋಡೆಯ ಕಡೆ ಮುಖ ಮಾಡಿ ಅತ್ತ. ಈ ರೋಗದವರು ಹೀಗೇ ಸುಮ್ಮಸುಮ್ಮನೆ ಅಳುತ್ತಾರೆ ಎಂದು ಯಾರೋ ಹೇಳಿದ್ದು ಸಾಬಣ್ಣನಿಗೆ ನೆನಪಿತ್ತು. ಆ ವರ್ಷವೂ ಮಾತು ಬರಲಿಲ್ಲ ಎಂದು ಬೇಸರಪಟ್ಟುಕೊಂಡೇ ಬಸ್ಸು ಹತ್ತಿದ.

*

“ನಿನಗೇನು ಮಾಡಿದ್ರು?” ಎಂದು ಸಾಬಣ್ಣ ಕೇಳಿದ. ಹನ್ನೆರಡು ವರ್ಷದಲ್ಲಿ ಅವನು ಕನಕರಾಯನೊಡನೆ ಆಡಿದ ಮೊದಲ ಮಾತು ಅದು.

“ಈ ಕೈ ಹಿಡದ್ರು,” ಎಂದು ಕನಕರಾಯ ಬಿಳಿ ಪಟ್ಟಿಯ ಮುಂಗೈ ತೋರಿಸಿದ. “ಕೆಳಗ ಒತ್ತಿದ್ರು. ಬಲ ಎಲ್ಲಾ ಹಾಕಿ, ನೆಲಕ್ಕ ಹತ್ತೋತನಕ. ಕುಂದ್ರು ಅಂತಾರೇನೋ ಅಂತ ನಾ ಕುಂತೆ. ಬಿಡಲಿಲ್ಲ, ಒತ್ತಿಕೋಂತನ ಇದ್ರು.”

“ನನ್ನ ಕೈ ಮ್ಯಾಲ ಎತ್ತಿದ್ರು,” ಎಂದ ಸಾಬಣ್ಣ.

ದಸ್ತಗೀರ್ ಸಾಬ್ ಒಬ್ಬನ ಮುಖ ನೋಡಿ, ಇನ್ನೊಬ್ಬನ ಮುಖ ನೋಡಿ, ಗೋಡೆಗೆ ಒರಗಿದ್ದ ಗೆಳೆಯನ ಮುಖ ನೋಡಿದ.

“ಯಾ ಅಲ್ಲಾ,” ಎಂದ. “ಇಬ್ಬರನ್ನೂ ಕೂಡೇ ಕರಸಬೇಕಾಗಿತ್ತು. ಬ್ಯಾರೆಬ್ಯಾರೆ ಬಂದ್ರಿ, ಯಾರಿಗೂ ತಿಳೀಲಿಲ್ಲ. ಗೆದ್ದವ್ನ ಕೈ ಮ್ಯಾಲ, ಸೋತವ್ನ ಕೈ ಕೆಳಗ. ಪಂಚ ಫೈಸಲಾ ಹೇಳ್ಯಾನ್ರೋ.”

ಸಾಬಣ್ಣ ಹೊಸ್ತಿಲ ಮೇಲೆ ಕುಸಿದು ಕೂತ. “ನಾ ಅವ್ರಿಗೆ ನೀರು ಕುಡಿಸಿದೆ,” ಎಂದ. “ಅವ್ರು ಎತ್ತಾಕತ್ತಿದ್ರು, ನಾ ನೀರು ಕುಡಿಸಿದೆ.” ಕಾಣುವ ಕಣ್ಣಿನಿಂದಲೂ ಕಾಣದ ಕಣ್ಣಿನಿಂದಲೂ ನೀರು ಒಂದೇ ಸಮನೆ ಸುರಿಯಿತು. ಭೀಮವ್ವ ಅವನನ್ನು ಸುಮ್ಮನಿರಿಸಲು ಹೋಗಲಿಲ್ಲ. ಅವನ ಬಲಗೈ ಎಳೆದು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳಿನ ಉಗುರು ತೆಗೆದಳು. ಅವಳ ಕಣ್ಣಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಒಂದು ಬೆರಳಿಗೂ ಕತ್ತರಿ ತಾಗಿಸಲಿಲ್ಲ.

ಹಲಗೆ ಬಡಿಯುವ ಸದ್ದಾಯಿತು. ಸಿದಿಗೆ ಎದ್ದಿತು. ಮುಂದಿನ ಬಲ ಹೆಗಲು ಸಾಬಣ್ಣನದು. ಅವನಿಗೆ ಕಾಣದ ಎಡಗಡೆಯಲ್ಲಿ ಕನಕರಾಯ ಹೆಗಲು ಕೊಟ್ಟ. ಮನೆಯ ತಿರುವಿನಲ್ಲಿ, “ಮುಂದ ತಗ್ಗದ, ಸಾವಕಾಶ,” ಎಂದ. ಸಾಬಣ್ಣ ಹೆಜ್ಜೆ ಸಣ್ಣ ಮಾಡಿದ. ಊರ ಹೊರಗಿನ ಹೊಲದವರೆಗೆ ಇಬ್ಬರೂ ಹೆಗಲು ಬದಲಿಸಲಿಲ್ಲ.

ಹೆಣ ಇಳಿಸಿಕೊಳ್ಳಲು ಅಳಿಯ ಆದೆಪ್ಪನ ಜೊತೆ ಸಾಬಣ್ಣ ಕುಣಿಯೊಳಗೆ ಇಳಿದ. ತಲೆಯನ್ನು ಸರಿಮಾಡಿ, ಕಂಬಳಿಯನ್ನು ಗದ್ದದವರೆಗೆ ಎಳೆದು, ಹನುಮಂತ್ರಾಯನ ಎಡಗೈಯನ್ನು ಎದೆಯ ಮೇಲೆ ಇಟ್ಟ. ತಾಲೀಮಿನವರು ಕಣದ ಕೆಮ್ಮಣ್ಣು ಒಂದು ಬುಟ್ಟಿ ತಂದಿದ್ದರು. ಅದನ್ನು ಕಾಲಿನ ಕಡೆ ಹರವಿದರು. ಆದೆಪ್ಪ ಮೇಲೆ ಹತ್ತಿದ. ಸಾಬಣ್ಣನಿಗೆ ಹತ್ತಲಾಗಲಿಲ್ಲ. ಕುಣಿಯ ಮಣ್ಣು ಕಾಲಡಿ ಜಾರುತ್ತಿತ್ತು. ಕೆಳಗಿನಿಂದ ಬಲಗೈ ಚಾಚಿದ.

ಕನಕರಾಯ ಕುಣಿಯ ಅಂಚಿಗೆ ಮೊಣಕಾಲೂರಿ ಅವನ ಮುಂಗೈ ಹಿಡಿದು ಎಳೆದ. ಸಾಬಣ್ಣ ಮೇಲೆ ಬಂದು ನಿಂತ. ಸುತ್ತ ಮಣ್ಣು ಹಾಕಲು ಬಗ್ಗಿದ್ದವರು ಹಾಗೇ ತಡೆದರು, ಯಾಕೆಂದರೆ ಕನಕರಾಯ ಹಿಡಿದ ಮುಂಗೈಯನ್ನು ಬಿಟ್ಟಿರಲಿಲ್ಲ. ರಕ್ತ ಒಸರುತ್ತಿದ್ದ ಬಿಳಿ ಪಟ್ಟಿಯ ಕೈಯಿಂದ ಅದನ್ನು ಎತ್ತುತ್ತ ಹೋಗಿ ತನ್ನ ತಲೆಗಿಂತ ಮೇಲೆ ಹಿಡಿದು ನಿಂತ. ಕನಕರಾಯನ ಇನ್ನೊಂದು ಕೈ ತೊಡೆಗೆ ಒತ್ತಿಕೊಂಡು ಕೆಳಗಿತ್ತು.