ಜ್ವರಕ್ಕೆ ಕೂತವಳು

ನಮ್ಮ ಕಡೆ ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತೇವೆ. ಮೈ ಬಿಸಿಯಾಗುವ ಜ್ವರವಲ್ಲ. ಹುಳ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಆಗ ಅದಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು. ಪೊರೆ ಕಳಚಿದ ಮೇಲೆ ಹಸಿದು ತಿನ್ನತೊಡಗಿದರೆ ಹುಳ ಎದ್ದಿತು ಅನ್ನುತ್ತೇವೆ. ಮರಳವಾಡಿ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದಾಗಿನಿಂದ ಹುಳ ಸಾಕುತ್ತಿರುವ ನಾಗಲಕ್ಷ್ಮಮ್ಮನಿಗೆ, ಅಂದರೆ ನನಗೆ, ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಡಾಕ್ಟರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಮಾತ್ರ ಜೀವ ಬಾಯಿಗೆ ಬಂತು.

ನಾನೂ ದಪ್ಪ, ನನ್ನ ಸೊಸೆ ರಮ್ಯಾನೂ ದಪ್ಪ. ಮುಚ್ಚುಮರೆ ಯಾಕೆ? ನಾವಿಬ್ಬರು ಆಟೋ ಹತ್ತಿದರೆ ಮೂರನೆಯವರು ಇನ್ನೊಂದು ಆಟೋ ನೋಡಿಕೊಳ್ಳಬೇಕು. ನನಗೆ ಮಂಡಿ ನೋವು, ಸಕ್ಕರೆ ಕಾಯಿಲೆ. ಅವಳ ಸಂಕಟ ಬೇರೆ. ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಮುಟ್ಟು ನಾಲ್ಕು ತಿಂಗಳಿಗೊಮ್ಮೆ, ಐದು ತಿಂಗಳಿಗೊಮ್ಮೆ. ಯಾರ ಮನೆಯಲ್ಲಾದರೂ ಸೀಮಂತ ಅಂದರೆ ತಲೆನೋವು ಎಂದು ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದಳು.

ಕನಕಪುರದ ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ರಮ್ಯಾಳ ಮೈಯಲ್ಲಿ ಇನ್ಸುಲಿನ್ ಬೇಕಾದಷ್ಟಿದೆ, ಆದರೆ ಮೈ ಅದರ ಮಾತು ಕೇಳುತ್ತಿಲ್ಲ, ತೂಕಕ್ಕೂ ಮುಟ್ಟಿನ ಏರುಪೇರಿಗೂ ಅದರ ನಂಟಿದೆ ಎಂದರು.

"ನಮ್ಮ ಯಜಮಾನ್ರ ಥರ ಅನ್ನಿ, ಎಷ್ಟು ಕೂಗಿದ್ರೂ ಕಿವಿಗೆ ಬೀಳಾಕಿಲ್ಲ" ಎಂದೆ. ಡಾಕ್ಟರಮ್ಮ ನಕ್ಕರು.

ಅವಳಿಗೆ ಊಟದ ಮೇಲೆ ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಬರೆದರು. ನನಗೆ ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ, ಪೆನ್ನಿನಂಥ ಇಂಜೆಕ್ಷನ್. "ಮಗು ಬೇಕು ಅನ್ನೋವ್ರಿಗೆ ಈ ಇಂಜೆಕ್ಷನ್ ಬೇಡ" ಎಂದು ಸ್ಪಷ್ಟವಾಗಿಯೇ ಹೇಳಿದರು.

ಇಂಜೆಕ್ಷನ್ ನನ್ನ ಹಸಿವನ್ನೇ ಕಿತ್ತುಕೊಂಡಿತು. ಎರಡು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೇ ಸಾಕು ಎಂದು ಏಳತೊಡಗಿದೆ. ರವಿಕೆಗಳು ಜೋತುಬಿದ್ದವು. ಮಂಡಿ ಹಗುರಾಯಿತು, ನಿಜ. ಆದರೆ ಉಪ್ಪುಸಾರಿನ ವಾಸನೆ ಬಂದರೂ ನಾಲಿಗೆ ಸುಮ್ಮನಿರುವುದು ಎಂಥ ಬಾಳು ಹೇಳಿ! ರಮ್ಯಾ ಮಾತ್ರ ಹಾಗೇ ಇದ್ದಳು. ಮಾತ್ರೆ ಒಳಗೇನು ಮಾಡುತ್ತಿತ್ತೋ, ತೂಕದ ಮಿಷನ್ನಿಗಂತೂ ಕಾಣಲಿಲ್ಲ.

ಪಕ್ಕದ ಮನೆ ಸರಸಮ್ಮ ಸುಮ್ಮನಿರುತ್ತಾಳೆಯೇ? "ಅತ್ತೆ ಕರಗ್ತಾವ್ಳೆ, ಸೊಸೆ ಹಂಗೇ ಅವ್ಳೆ. ಒಳ್ಳೆ ಔಸ್ತಿ ನಿಂಗೆ, ಬರೀ ಗುಳಿಗೆ ಅವ್ಳಿಗಾ? ಭಲೇ ನ್ಯಾಯ ಕಣಮ್ಮಿ" ಎಂದು ರಮ್ಯಾ ಎದುರಿಗೇ ಅಂದುಬಿಟ್ಟಳು. ಅವಳ ಬಾಯಿ ಸೇದಿಹೋಗ! ಅಂದು ಸಂಜೆ ರಮ್ಯಾ ಬಂದು ಫ್ರಿಜ್ಜಿನ ಮುಂದೆ ನಿಂತಳು.

"ಅತ್ತೆ, ನಂಗೂ ಚುಚ್ಚಿ. ತೂಕ ಇಳುದ್ರೆ ತಾನೇ ಮಗು? ಎರಡೇ ತಿಂಗ್ಳು, ಆಮ್ಯಾಕೆ ಬುಟ್ಬುಡ್ತೀನಿ."

"ಡಾಕ್ಟರಮ್ಮ ಬ್ಯಾಡ ಅಂದವ್ರಲ್ಲವ್ವ."

"ಅವ್ರಿಗೇನು, ಹೇಳ್ತಾರೆ. ಸೀಮಂತಕ್ಕೆ ಕರೀದೆ ಬುಟ್ಬುಡೋದು ಅವ್ರನ್ನಲ್ಲ, ನನ್ನ."

"ಭಾನುವಾರ ನಾನು ಚುಚ್ಕೊಳ್ವಾಗ ನಿಂಗೂ ಚುಚ್ತೀನಿ ಬುಡು" ಎಂದೆ. ಡಾಕ್ಟರಮ್ಮನ ಮಾತು ಎದೆಯಲ್ಲಿ ಕುಟುಕುತ್ತಲೇ ಇತ್ತು. ಆದರೆ ಈ ಹುಡುಗಿಯ ಕಣ್ಣಿಗೆ ನಾನು ಸ್ವಾರ್ಥಿಯಾಗಿ ಕಾಣುವುದಕ್ಕೆ ಅದಕ್ಕಿಂತ ಹೆಚ್ಚು ಹೆದರಿದ್ದೆ.

ಆ ವಾರ ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಭಾನುವಾರ ಬೆಳಿಗ್ಗೆ ಹುಳದ ಮನೆಯಿಂದ ಬಂದು ಕೈ ತೊಳೆದು, ಪೆನ್ನು ಮತ್ತು ಹೊಸ ಸೂಜಿ ಹಿಡಿದು ಕೂಗಿದರೆ ರಮ್ಯಾ ಏಳಲಿಲ್ಲ. ಗೋಡೆಗೆ ಒರಗಿ, ತಲೆಯೆತ್ತಿ, ಅಲ್ಲಾಡದೆ ಕೂತಿದ್ದಳು. ಎದುರಿಗಿದ್ದ ಇಡ್ಲಿ ಆರಿಹೋಗಿತ್ತು.

"ಎರಡ್ಮೂರು ದಿನದಿಂದ ಏನೂ ಸೇರ್ತಿಲ್ಲ ಕಣತ್ತೆ" ಎಂದಳು.

ನನಗೆ ಖುಷಿಯೇ ಆಯಿತು. ಮಾತ್ರೆ ಕೊನೆಗೂ ಹಿಡಿಯಿತು! ನನ್ನ ಇಂಜೆಕ್ಷನ್ ಮಾಡಿದ್ದನ್ನೇ ಇದೂ ಮಾಡುತ್ತಿದೆ, ಹುಡುಗಿ ಜ್ವರಕ್ಕೆ ಕೂತಿದ್ದಾಳೆ ಅಂದುಕೊಂಡೆ. ಜ್ವರಕ್ಕೆ ಕೂತದ್ದನ್ನು ಮುಟ್ಟಬಾರದು. ಪೆನ್ನನ್ನು ಮತ್ತೆ ಫ್ರಿಜ್ಜಿಗಿಟ್ಟೆ. "ಈಗ ಬ್ಯಾಡ ಕಣವ್ವ. ಎದ್ದ ಮ್ಯಾಲೆ ನೋಡುವ" ಎಂದೆ. ಅವಳಿಗೆ ವಾದ ಮಾಡುವ ತ್ರಾಣವೂ ಇರಲಿಲ್ಲ.

ಹುಳ ಎದ್ದವು, ಸೊಪ್ಪಿಗೆ ಮುಗಿಬಿದ್ದವು. ರಮ್ಯಾ ಏಳಲಿಲ್ಲ. ನನಗೆ ದಿಗಿಲಾಗಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಸೊಸೆ ಜ್ವರಕ್ಕೆ ಕೂತವ್ಳೆ, ಏಳ್ತಾನೇ ಇಲ್ಲ."

"ಎಷ್ಟು ಜ್ವರ? ಥರ್ಮಾಮೀಟರ್ ಇಟ್ಟು ನೋಡಿದ್ರಾ?"

"ಮೈ ತಣ್ಣಗೈತೆ ಕಣವ್ವ. ಇದು ಹುಳದ ಜ್ವರ."

"ಹುಳ ಕಚ್ಚಿದ್ಯಾ? ಯಾವ ಹುಳ?" ಡಾಕ್ಟರಮ್ಮನ ದನಿ ಏರಿತು.

ಅಯ್ಯೋ ಶಿವನೇ! "ಯಾವ್ದೂ ಕಚ್ಚಿಲ್ಲ ತಾಯಿ, ಉಣ್ತಿಲ್ಲ ಅಷ್ಟೇ" ಅನ್ನುವಷ್ಟರಲ್ಲಿ ಬೆವೆತುಹೋದೆ. ಡಾಕ್ಟರಮ್ಮ, ಮುಟ್ಟಾಗಿ ಎಷ್ಟು ದಿನವಾಯಿತು ಎಂದು ಕೇಳಿದರು. "ಅದು ಯಾವತ್ತು ಲೆಕ್ಕಕ್ಕೆ ಸಿಕ್ಕೈತೆ ಅವ್ಳಿಗೆ?" ಎಂದೆ.

"ಈಗಲೇ ಕರ್ಕೊಂಡು ಬನ್ನಿ" ಎಂದರು.

ಪರೀಕ್ಷೆ ಮುಗಿಸಿ ಬಂದ ಡಾಕ್ಟರಮ್ಮ ರಮ್ಯಾಳ ಕೈ ಹಿಡಿದುಕೊಂಡರು. ಬಸುರಿ. ತೂಕ ಇಳಿಯದಿದ್ದರೂ ಮಾತ್ರೆ ಒಳಗೊಳಗೇ ನೆರವಾಗಿರಬಹುದು ಎಂದರು.

"ಅತ್ತೆಯ ಇಂಜೆಕ್ಷನ್ ಏನಾದ್ರೂ ತಗೊಂಡಿದ್ರಾ?" ಡಾಕ್ಟರಮ್ಮ ಕೇಳಿದರು.

ರಮ್ಯಾ ನನ್ನ ಮುಖ ನೋಡಿದಳು. "ನಾನು ಕೇಳ್ದೆ. ನಮ್ಮತ್ತೆ ಕೊಡ್ಲಿಲ್ಲ."

"ಬಹಳ ಒಳ್ಳೇದಾಯ್ತು. ತಿಳುವಳಿಕಸ್ತರು" ಎಂದು ನನ್ನ ಬೆನ್ನು ತಟ್ಟಿದರು. ನಾನೆಲ್ಲಿಯ ತಿಳುವಳಿಕಸ್ತೆ! ಹುಳದ ಮಾತನ್ನು ಹುಡುಗಿಗೆ ಅಂಟಿಸಿ ತಪ್ಪು ತಿಳಿದುಕೊಂಡದ್ದಕ್ಕೆ ಕೈ ತಡೆಯಿತು, ಅಷ್ಟೇ.

ಆಮೇಲೂ ಕೆಲವು ವಾರ ಅವಳಿಗೆ ಏನೂ ಸೇರಲಿಲ್ಲ. ಒಂದು ಮಧ್ಯಾಹ್ನ ನಾನು ನನ್ನ ಅರ್ಧ ಮುದ್ದೆ ಇಟ್ಟುಕೊಂಡು ಕೂತಿದ್ದೆ. ರಮ್ಯಾ ಬಂದು ಎದುರಿಗೆ ಕೂತಳು. ಇಷ್ಟು ವರ್ಷ ಈ ಮನೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ನಾಚಿ ತಲೆ ತಗ್ಗಿಸುತ್ತಿದ್ದವಳು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಅತ್ತೆ, ಹೊಟ್ಟೆ ಹಸೀತೈತೆ!"

ನಾನು ಮುದ್ದೆಯ ಪಾತ್ರೆಯನ್ನೇ ತಂದು ಅವಳ ಮುಂದಿಟ್ಟೆ. "ಎದ್ಯಾ ನನ್ನವ್ವ? ಉಣ್ಣು, ಉಣ್ಣು" ಎಂದೆ. ಸರಸಮ್ಮನಿಗೂ ಕೇಳಿದರೆ ಕೇಳಲಿ ಎಂದು ಗಟ್ಟಿಯಾಗಿಯೇ ಅತ್ತುಬಿಟ್ಟೆ.