ಹುಚ್ಚಣ್ಣ ಕೆತ್ತಿದ ಹೆಸರುಗಳು

ಸಾಬೂನು ಹಚ್ಚಿ ಎಷ್ಟು ತಿಕ್ಕಿದರೂ ತೀರಿಕೊಂಡ ಅಪ್ಪನ ಉಗುರುಸಂದಿಯ ಕಲ್ಲಿನ ಪುಡಿ ಬಿಡಲಿಲ್ಲ. ಗೌತಮಿ ಇನ್ನೊಂದು ಚೊಂಬು ಬಿಸಿನೀರು ಸುರಿದಳು.

"ಸಾಕು ಬುಡವ್ವ, ನಲವತ್ತು ವರ್ಷದ ಪುಡಿ ಅದು. ಅಂಗೇ ಹೋಗ್ಲಿ" ಎಂದರು ಚಿಕ್ಕಪ್ಪ ಸಿದ್ದಲಿಂಗಸ್ವಾಮಿ.

ಬೋಗಾದಿಯ ಹುಚ್ಚಣ್ಣ ಗೋರಿಕಲ್ಲುಗಳ ಮೇಲೆ ಹೆಸರು ಕೆತ್ತುತ್ತಿದ್ದವರು. ಕೆಳಗೆ ಸತ್ತವರ ಹೆಸರು, ಮೇಲೆ ಅವರವರ ದೇವರ ಹೆಸರು. ಕನ್ನಡ ಬಿಟ್ಟರೆ ಬೇರೆ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಮಸೀದಿಯವರೋ ಚರ್ಚಿನವರೋ ಸೀಮೆಸುಣ್ಣದಲ್ಲಿ ಬರೆದುಕೊಟ್ಟದ್ದನ್ನು ಗೆರೆ ತಪ್ಪದೆ ಕೆತ್ತುತ್ತಿದ್ದರು. ಉಳಿ ಇಡುವ ಮುಂಚೆ ಮಾತ್ರ ಚಾಮುಂಡಿ ಬೆಟ್ಟದ ಕಡೆ ತಿರುಗಿ ಕೈಮುಗಿಯುತ್ತಿದ್ದರು. "ತಾಯಿ, ಇದೂ ನಿನ್ ಹೆಸ್ರೇ. ತಪ್ಪಾಗದಂಗೆ ನೋಡ್ಕೊ."

ಬೆಳಗಿನಿಂದ ಗೌತಮಿಗೆ ಹಿತ್ತಲಲ್ಲಿ ಉಳಿಯ ಸದ್ದು ಕೇಳುತ್ತಿತ್ತು. ಎರಡು ಸಲ ಎದ್ದು ಹೋಗಿ ನೋಡಿದಳು. ಯಾರೂ ಇಲ್ಲ. ಇರುವುದಾದರೂ ಹೇಗೆ? ಆ ಹಿತ್ತಲಲ್ಲಿ ಹನ್ನೆರಡು ವರ್ಷದಿಂದ ಕಲ್ಲೇ ಇರಲಿಲ್ಲ.

*

ಹನ್ನೆರಡು ವರ್ಷದ ಕೆಳಗೆ, ಅವಳ ಮದುವೆಯ ಹಿಂದಿನ ದಿನ.

"ಅಪ್ಪಾಜಿ, ಬೀಗರು ಮನೆಗೆ ಬರ್ತಾರೆ. ಸಾಬರದ್ದು, ಕಿರಿಸ್ತಾನರದ್ದು ಅಂತ ಕಂಡವರ ಗೋರಿಕಲ್ಲೆಲ್ಲ ಹಿತ್ತಲಲ್ಲಿದೆ. ನಂಗೆ ನಾಚ್ಕೆ ಆಗುತ್ತೆ, ಎತ್ತಿಸ್ಬುಡಿ."

"ಅಕ್ಷರ ಬೇರೆ ಕಣವ್ವ. ಎಲ್ರೂ ಕೂಗೋದು ಆ ಒಬ್ಬಳನ್ನೇ."

"ಅವು ಇಲ್ಲಿದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ."

ಹುಚ್ಚಣ್ಣ ಉಳಿ ಕೆಳಗಿಟ್ಟು ಎದ್ದರು. ತಳ್ಳುಗಾಡಿ ತಂದು ಒಂದೊಂದೇ ಕಲ್ಲನ್ನು ಏರಿಸಿಕೊಂಡು ಹೋದರು.

ಮರುದಿನ ಧಾರೆಯ ಹೊತ್ತಾದರೂ ಅವರು ಛತ್ರಕ್ಕೆ ಬಂದಿರಲಿಲ್ಲ. ಅವರ ಬದಲು ಚಿಕ್ಕಪ್ಪ ನಿಲ್ಲಬೇಕು ಎನ್ನುವಷ್ಟರಲ್ಲಿ ಏದುಸಿರು ಬಿಡುತ್ತ ಓಡಿ ಬಂದರು. ತಲೆತುಂಬ ಬಿಳಿ ಪುಡಿ. ಬೇಕೆಂದೇ ತನ್ನ ಮಾನ ಕಳೆದರೆಂದು ಗೌತಮಿ ಅವರ ಮುಖ ನೋಡದೆ ಗಂಡನ ಮನೆಗೆ ಹೋದಳು. ಯಾಕೆ ತಡವಾಯಿತೆಂದು ಆಮೇಲೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

*

ಸ್ಮಶಾನದ ಬೇವಿನ ಮರದಡಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಕಾದಿದ್ದಳು. ಗುಂಡಿಗೆ ಮಣ್ಣು ಹಾಕಲು ಶುರುಮಾಡಿದಾಗ ಹತ್ತಿರ ಬಂದಳು.

"ನೀವು ಹುಚ್ಚಣ್ಣನವರ ಮಗಳಾ? ನಾನು ನೂರುನ್ನೀಸಾ, ಉದಯಗಿರಿಯಿಂದ ಬಂದೆ. ನನ್ನ ಮಗು ಹೋದಾಗ ಕಲ್ಲು ಕೆತ್ತಿದ್ದು ಅವರೇ. ನಲವತ್ತನೇ ದಿನಕ್ಕೆ ನಿಲ್ಲಿಸ್ಬೇಕಿತ್ತು. ಹಿಂದಿನ ದಿನ ಎಲ್ಲಿಗೋ ಸಾಗಿಸೋವಾಗ ಗಾಡಿಯಿಂದ ಬಿದ್ದು ಎರಡು ಹೋಳಾಗ್ಬುಡ್ತು."

ಗೌತಮಿಯ ಕೈಯಲ್ಲಿದ್ದ ಮಣ್ಣು ಅಲ್ಲೇ ಉಳಿಯಿತು.

"ರಾತ್ರಿಯೆಲ್ಲ ನಮ್ಮನೆ ಮುಂದೆ ಕೂತು ಬೇರೆ ಕಲ್ಲು ಹಿಡಿದು ಮತ್ತೆ ಮೊದಲಿಂದ ಕೆತ್ತಿದ್ರು. ಬೆಳಿಗ್ಗೆ ಒಂಬತ್ತಕ್ಕೆ ಮುಗೀತು. ಕೂತು ಚಾ ಕುಡೀರಿ ಅಂದ್ರೆ, ಇಲ್ಲ ಕಣಮ್ಮ, ಇವತ್ತು ನನ್ ಮಗಳ ಧಾರೆ ಅಂದ್ರು! ನನಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ರೆ ಕೂರಿಸ್ತಿದ್ನಾ?"

ಹಿತ್ತಲಿನ ಆ ಸದ್ದು ಗೌತಮಿಯ ಎದೆಯೊಳಗೆ ಕೇಳತೊಡಗಿತು.

"ಒಂದು ಹಿಡಿ ಮಣ್ಣು ಹಾಕ್ಲಾ?" ಎಂದಳು ನೂರುನ್ನೀಸಾ.

ಸಿದ್ದಲಿಂಗಸ್ವಾಮಿ ಅಡ್ಡ ನಿಂತರು. "ನಮ್ಮಲ್ಲಿ ಅಂಗೆಲ್ಲ ಇಲ್ಲ ಕಣಮ್ಮ. ನಮ್ಮೋರು ಮಾತ್ರ ಹಾಕ್ಬೇಕು."

"ಚಿಕ್ಕಪ್ಪ, ಆ ಕಲ್ಲು ಒಡೆದದ್ದು ನನ್ನಿಂದ" ಎಂದಳು ಗೌತಮಿ. ಅವರಿಗೆ ಅರ್ಥವಾಗಲಿಲ್ಲ.

ಗುಂಡಿಯ ಪಕ್ಕ ಕೂತಿದ್ದ ಅವ್ವ ಪುಟ್ಟಲಿಂಗಮ್ಮ ಎದ್ದು ಬಂದರು. ಬಗ್ಗಿ ಸೆರಗಿಗೆ ಮಣ್ಣು ತುಂಬಿಕೊಂಡು ನೂರುನ್ನೀಸಾಳ ಮುಂದೆ ಒಡ್ಡಿದರು.

"ತಗೊಳವ್ವ."

ಗುಂಡಿ ಮುಚ್ಚಿತು. ಜನ ಚದುರಿದರು. ಗೇಟಿನ ಹತ್ತಿರ ಗೌತಮಿ ತಿರುಗಿ ನೋಡಿದಳು. ನೂರುನ್ನೀಸಾ ಹಸಿಮಣ್ಣಿನ ಎದುರು ಎರಡೂ ಅಂಗೈ ಬಿಡಿಸಿ ನಿಂತಿದ್ದಳು. ಮರೆತ ಗುದ್ದಲಿಗೆಂದು ವಾಪಸು ಹೋದ ಚಿಕ್ಕಪ್ಪ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟಿದ್ದರು, ಚಪ್ಪಲಿ ಬಿಟ್ಟು, ಸುಡುವ ನೆಲದ ಮೇಲೆ ಒಂದೊಂದೇ ಕಾಲು ಬದಲಿಸುತ್ತ, ಅವಳ ಪ್ರಾರ್ಥನೆ ಮುಗಿಯಲೆಂದು.